ಹತ್ತು ಮಂದಿ ಇದ್ದಲ್ಲಿ ಹಾವು ಸಾಯಲಿಲ್ಲ!



ಕಳೆದ ಸಂಚಿಕೆಗೆ ನಾನು ಎರಡು ಚುಟುಕ ಕೊಟ್ಟಿದ್ದೆ. ಈ ಸಲ ನಮ್ಮ ಸಂಪಾದಕರು, 'ಚುಟುಕ ಸಾಕು ಮಾರಾಯ, ತಲೆಯಲ್ಲಿ ಏನಾದರೂ ವಿಚಾರ ಇದ್ದರೆ ಬರಿ' ಎಂದುಬಿಟ್ಟರು. ವಿಚಾರ ಅನ್ನುವಷ್ಟು ದೊಡ್ಡದು ನನ್ನಲ್ಲಿ ಇಲ್ಲ. ಆದರೆ ಎರಡು ವರ್ಷದಿಂದ ಕೊರೆಯುತ್ತಿರುವ ಸಂಗತಿಯೊಂದಿದೆ. ಅದು ನಮ್ಮ ಕ್ಲಾಸುಗಳಲ್ಲಿ ನಡೆಯುವ 'ಗ್ರೂಪ್ ವರ್ಕ್'. ನೀವು ಆರ್ಟ್ಸೇ ಇರಲಿ, ಸೈನ್ಸೇ ಇರಲಿ, ನನ್ನ ಹಾಗೆ ಕಾಮರ್ಸೇ ಇರಲಿ, ಈ ನಾಟಕದಲ್ಲಿ ಒಂದು ಪಾತ್ರ ಮಾಡಿಯೇ ಇರುತ್ತೀರಿ. ಕೆಲವರು ನಾಯಕರಾಗಿ, ಹೆಚ್ಚಿನವರು ನನ್ನಂತೆ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬರುವವರಾಗಿ.

ನಮ್ಮ ಹಿರಿಯರು 'ಹತ್ತು ಮಂದಿ ಇದ್ದಲ್ಲಿ ಹಾವು ಸಾಯಲಿಲ್ಲ' ಎಂದಿದ್ದಾರೆ. ಒಬ್ಬನೇ ಇದ್ದರೆ ಹೆದರಿಕೊಂಡಾದರೂ ಕೋಲು ಎತ್ತುತ್ತಾನೆ. ಹತ್ತು ಮಂದಿ ಇದ್ದರೆ ಪ್ರತಿಯೊಬ್ಬನೂ ಇನ್ನೊಬ್ಬ ಹೊಡೆದಾನು ಅಂತ ಕಾಯುತ್ತಾನೆ, ಹಾವು ಆರಾಮವಾಗಿ ಬಿಲ ಸೇರುತ್ತದೆ. ನಮ್ಮ ಗುಂಪುಗಳ ಕತೆ ಇದಕ್ಕಿಂತ ಬೇರೆ ಅಲ್ಲ.

ಮೊದಲು ನನ್ನ ಪರಿಚಯ ಹೇಳಬೇಕು. ನಾನು ಹತ್ತನೆಯವರೆಗೆ ಇದೇ ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಅಪ್ಪ ಕೋಟೆ ಭಾಗದ, ಅಂದರೆ ಫೋರ್ಟಿನ, ಒಂದು ಕ್ಯಾಂಟೀನಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಶಾಲೆಯಲ್ಲಿ ಲೆಕ್ಕದಲ್ಲಿ ನಾನು ಹಿಂದೆ ಬಿದ್ದವನಲ್ಲ. ಆದರೆ ಕಾಲೇಜಿಗೆ ಬಂದ ಮೇಲೆ 'ಜಮಾ-ಖರ್ಚು' ಎಲ್ಲ 'ಡೆಬಿಟ್-ಕ್ರೆಡಿಟ್' ಆಯಿತು. ಗೊತ್ತಿದ್ದ ಉತ್ತರವೂ ಬಾಯಿಯವರೆಗೆ ಬಂದು ಇಂಗ್ಲಿಷಿನ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ಈ ಕಷ್ಟ ನಮ್ಮ ಸಂಘದ ಅರ್ಧ ಮಂದಿಗೆ ಗೊತ್ತಿದ್ದದ್ದೇ, ವಿವರಿಸುವುದು ಬೇಡ.

ಮೊದಲ ವರ್ಷದಲ್ಲಿ ನಮಗೆ ಒಂದು ಪ್ರಾಜೆಕ್ಟ್ ಕೊಟ್ಟರು. ರೋಲ್ ನಂಬರಿನ ಪ್ರಕಾರ ಹತ್ತು ಹತ್ತು ಮಂದಿಯ ಗುಂಪು. ವಿಷಯ ಮುಂಬಯಿಯ ಡಬ್ಬಾವಾಲಾಗಳು. (ಈ ಊರಿನ ಕಾಮರ್ಸ್ ವಿದ್ಯಾರ್ಥಿ ಡಬ್ಬಾವಾಲಾ ಪ್ರಾಜೆಕ್ಟ್ ಮಾಡದೆ ಪದವಿ ಪಡೆದರೆ ಅದೊಂದು ದಾಖಲೆ!) ಸರ್ ಹೆಸರುಗಳ ಪಟ್ಟಿ ಓದಿದರು, ತಾರೀಕು ಹೇಳಿದರು, ಹೋದರು. ಒಂದು ತಿಂಗಳು ಆ ಕಡೆ ಯಾರೂ ತಿರುಗಿ ನೋಡಲಿಲ್ಲ. ವಾಟ್ಸಾಪಿನಲ್ಲಿ ಒಂದು ಗುಂಪು ಹುಟ್ಟಿತು, ಮೂರು ದಿನ ಗುಡ್ ಮಾರ್ನಿಂಗ್ ನಡೆಯಿತು, ಆಮೇಲೆ ತಣ್ಣಗಾಯಿತು. ಕೊನೆಗೆ ತಾರೀಕಿನ ಹಿಂದಿನ ರಾತ್ರಿ ಒಬ್ಬಳೇ ಹುಡುಗಿ, ಕಾನ್ವೆಂಟಿನಲ್ಲಿ ಓದಿದವಳು, ಇಂಟರ್ನೆಟ್ಟಿನಿಂದ ತೆಗೆದು ನಲವತ್ತು ಪುಟ ಟೈಪ್ ಮಾಡಿದಳು. ನನಗೆ ಸಿಕ್ಕಿದ ಕೆಲಸ ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ ಬೈಂಡಿಂಗ್ ಮಾಡಿಸುವುದು. ಉಳಿದ ಎಂಟು ಮಂದಿಯ ಕೊಡುಗೆ ಏನೆಂದರೆ ಅವರವರ ಹೆಸರು, ರೋಲ್ ನಂಬರು.

ಹತ್ತೂ ಮಂದಿಗೆ 20ರಲ್ಲಿ 18 ಅಂಕ ಬಂತು. ಮನೆಯಲ್ಲಿ ಅಮ್ಮ ಖುಷಿಪಟ್ಟಳು. ನನಗೆ ಮಾತ್ರ ಗಲ್ಲಾದಲ್ಲಿ ಯಾರೋ ಮರೆತು ಹೋದ ದುಡ್ಡು ಸಿಕ್ಕಿದ ಹಾಗೆ ಆಯಿತು. ಇಟ್ಟುಕೊಳ್ಳುವ ಹಾಗಿಲ್ಲ, ಕೊಡೋಣವೆಂದರೆ ಯಾರಿಗೆ ಕೊಡುವುದು?

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ವೈವಾದಲ್ಲಿ ಸರ್ ನನ್ನತ್ತ ನೋಡಿ, ಡಬ್ಬಾವಾಲಾಗಳ ಗುಂಪಿನಲ್ಲಿ ಮುಕಾದಮನ ಕೆಲಸ ಏನು ಎಂದು ಕೇಳಿದರು. ನನಗೆ ಗೊತ್ತಿತ್ತು! ಪುಸ್ತಕದಿಂದ ಅಲ್ಲ, ಕಣ್ಣಿನಿಂದ ಗೊತ್ತಿತ್ತು. ರಜೆಯಲ್ಲಿ ಅಪ್ಪನ ಕ್ಯಾಂಟೀನಿಗೆ ಹೋಗುವಾಗೆಲ್ಲ ಚರ್ಚ್‌ಗೇಟ್ ಸ್ಟೇಷನ್ ಹೊರಗೆ ಡಬ್ಬಾ ವಿಂಗಡಿಸುವುದನ್ನು ನಿಂತು ನೋಡಿದವನು ನಾನು. ಮುಚ್ಚಳದ ಮೇಲಿನ ಬಣ್ಣ, ಅಂಕಿ, ಅಕ್ಷರ ನೋಡಿದ ಕೂಡಲೇ ಯಾವ ಸ್ಟೇಷನ್ನು, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ ಎಂದು ತಿಳಿಯುವುದು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುವುದು, ಒಬ್ಬ ಬಾರದಿದ್ದರೆ ಮುಕಾದಮನೇ ಆ ಜಾಗಕ್ಕೆ ನಿಲ್ಲುವುದು, ಎಲ್ಲವನ್ನೂ ನೋಡಿದ್ದೆ. ಆದರೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ನಮ್ಮ ಗುಂಪಿನ ನಾಯಕ ನನ್ನ ಪರವಾಗಿ ಗಡಗಡ ಹೇಳಿ ಮುಗಿಸಿದ. ಅದೂ ತಪ್ಪು ಹೇಳಿದ. ಸರ್ ತಲೆಯಾಡಿಸಿ ಮುಂದಿನವನ ಕಡೆ ತಿರುಗಿದರು.

ಆ ದಿನ ನನಗೆ ಹೊಳೆದದ್ದು ಇದು. ನಾನು ಕಲಿಯಲಿಲ್ಲ ಎನ್ನುವುದು ಒಂದು ನಷ್ಟ. ನನ್ನಲ್ಲಿದ್ದದ್ದು ಆ ನಲವತ್ತು ಪುಟಕ್ಕೆ ಬರಲಿಲ್ಲ ಎನ್ನುವುದು ಗುಂಪಿನ ನಷ್ಟ. ಹತ್ತು ಮಂದಿಯಲ್ಲಿ ಒಬ್ಬರೂ ಒಂದು ತಿಂಗಳಲ್ಲಿ 'ನಿನಗೇನಾದರೂ ಗೊತ್ತುಂಟಾ?' ಎಂದು ಕೇಳಿರಲಿಲ್ಲ. ಯಾಕೆ ಕೇಳಬೇಕು? ಕೇಳುವ ಅಗತ್ಯವೇ ಬಾರದ ಹಾಗೆ ಕೆಲಸ ಹಂಚಿಕೆಯಾಗಿತ್ತು.

ತಮಾಷೆ ನೋಡಿ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಆರಂಭಿಸಿದ ಡಬ್ಬಾ ವ್ಯವಸ್ಥೆಯನ್ನು ಹಾರ್ವರ್ಡಿನವರು ಕೂಡ 2010ರಲ್ಲಿ ಅಧ್ಯಯನದ ವಿಷಯ ಮಾಡಿದರು. ಅಲ್ಲಿ ಗುಂಪಿನವರು ಗಳಿಕೆಯನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ನಮಗೂ ಅಂಕ ಸಮಪಾಲು. ಹಾಗಾದರೆ ವ್ಯತ್ಯಾಸ ಎಲ್ಲಿ? ಅಲ್ಲಿ ಒಬ್ಬ ತಪ್ಪಿದರೆ ಯಾರದೋ ಊಟ ಅರ್ಧ ದಾರಿಯಲ್ಲಿ ನಿಂತು, ಮಧ್ಯಾಹ್ನವೇ ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ಎಂಟು ಮಂದಿ ತಪ್ಪಿದರೂ ವರ್ಷ ಕಳೆದರೂ ಗೊತ್ತಾಗುವುದಿಲ್ಲ.

* * *

ಕಾಮರ್ಸಿನವನಾದ್ದರಿಂದ ನನಗೆ ತಟ್ಟನೆ ನೆನಪಾಗುವುದು 1932ರ ಪಾಲುದಾರಿಕೆ ಕಾಯಿದೆ. ಅದರ 13ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರಿಗೆ ಲಾಭದಲ್ಲಿ ಸಮಪಾಲು, ನಷ್ಟದಲ್ಲೂ ಸಮಪಾಲು, ಯಾರಿಗೂ ಕೆಲಸಕ್ಕೆ ಸಂಬಳ ಇಲ್ಲ. ಹಾಗಾಗಿಯೇ ಬುದ್ಧಿಯಿದ್ದವರು ಅಂಗಡಿ ತೆರೆಯುವ ಮೊದಲು ಕರಾರುಪತ್ರ ಬರೆದುಕೊಳ್ಳುತ್ತಾರೆ. ಯಾರ ಬಂಡವಾಳ ಎಷ್ಟು, ಯಾರು ಏನು ನೋಡಿಕೊಳ್ಳುವುದು, ಲೆಕ್ಕ ಯಾರು ಬರೆಯುವುದು, ಎಲ್ಲ ಅದರಲ್ಲಿ ಇರುತ್ತದೆ. ನಮ್ಮ ಪ್ರಾಧ್ಯಾಪಕರು ಈ ಪಾಠವನ್ನು ಬೋರ್ಡಿನ ಮೇಲೆ ಚೆಂದವಾಗಿ ಮಾಡುತ್ತಾರೆ. ಅದೇ ಕ್ಲಾಸಿನಲ್ಲಿ ಗುಂಪು ಮಾಡುವಾಗ ಮಾತ್ರ ಕರಾರೂ ಇಲ್ಲ, ಲೆಕ್ಕವೂ ಇಲ್ಲ! ಸ್ಲೀಪಿಂಗ್ ಪಾರ್ಟ್‌ನರ್ ಆದರೂ ಬಂಡವಾಳವನ್ನಾದರೂ ಹಾಕಿರುತ್ತಾನೆ. ನಮ್ಮ ಗುಂಪಿನಲ್ಲಿ ಬರೀ ಸ್ಲೀಪಿಂಗ್.

ಇದು ನಮ್ಮ ದೇಶದ ಸೋಮಾರಿತನ ಎಂದು ಯಾರೂ ತಿಳಿಯಬೇಕಾಗಿಲ್ಲ. ಲೈಬ್ರರಿಯಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕ ತಿರುವುವಾಗ ರಿಂಗಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರನ ವಿಷಯ ಓದಿದೆ. ಆತ ಜನರಿಂದ ಹಗ್ಗ ಎಳೆಸಿ ಬಲ ಅಳೆದ. 1913ರಲ್ಲಿ ಅದು ಪ್ರಕಟವಾಯಿತು. ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬನ ಬಲ ಕಡಿಮೆಯಾಗುತ್ತಾ ಹೋಗಿ, ಎಂಟು ಮಂದಿ ಆಗುವಾಗ ತಲಾ ಸುಮಾರು ಅರ್ಧಕ್ಕೆ ಇಳಿದಿತ್ತು. ಒಟ್ಟಿಗೆ ಎಳೆಯುವಾಗ ತಾಳ ತಪ್ಪುವುದು ಒಂದು ಕಾರಣ, ಕೈ ಸಡಿಲ ಬಿಡುವುದು ಇನ್ನೊಂದು. 1979ರಲ್ಲಿ ಅಮೆರಿಕದ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ನೋಡಿದರು. ಆಮೇಲೆ 1981ರಲ್ಲಿ ಅದೇ ತಂಡದವರು ಕಂಡ ಒಂದು ಸಂಗತಿ ನನಗೆ ಮುಖ್ಯ ಅನಿಸಿತು. ಒಬ್ಬೊಬ್ಬರ ಸದ್ದನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಆ ಆಲಸ್ಯ ಹೋಗಿಬಿಟ್ಟಿತು!

ಅಂದರೆ ಮನುಷ್ಯ ಕೆಟ್ಟವನಲ್ಲ. ತಾನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ತಿಳಿದಾಗ ಅವನ ಕೈ ಸಡಿಲವಾಗುತ್ತದೆ, ಅಷ್ಟೆ. ಒಂದು ಮಾತು ಮಾತ್ರ ನಾನು ಸೇರಿಸಬೇಕು. ನನ್ನ ಹಾಗೆ ಭಾಷೆಯ ಹೆದರಿಕೆ ಇರುವವನು ಆಲಸ್ಯದಿಂದ ಸುಮ್ಮನೆ ಕೂತಿರುವುದಿಲ್ಲ. ದೂರದಿಂದ ನೋಡುವವರಿಗೆ ಮಾತ್ರ ಸೋಮಾರಿಯೂ ಮೂಕನೂ ಒಂದೇ ರೀತಿ ಕಾಣುತ್ತಾರೆ. ಹತ್ತಿರ ಬಂದು ನೋಡಿದರಷ್ಟೇ ವ್ಯತ್ಯಾಸ ತಿಳಿಯುತ್ತದೆ.

* * *

ಹತ್ತಿರ ಬಂದು ನೋಡುವುದು ಹೇಗೆ ಎಂದು ನಾನು ಎರಡು ಕಡೆ ಕಂಡೆ.

ಮೊದಲನೆಯದು ಊರಿನಲ್ಲಿ. ನನ್ನ ಚಿಕ್ಕಮ್ಮ ಕುಂದಾಪುರದ ಕಡೆ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ದೀಪಾವಳಿ ರಜೆಯಲ್ಲಿ ಹೋದಾಗ ಅವರ ನಲಿ-ಕಲಿ ತರಗತಿಯಲ್ಲಿ ಒಂದು ಬೆಳಗ್ಗೆ ಕೂತಿದ್ದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಇದು, ರಿಷಿವ್ಯಾಲಿಯ ಮಾದರಿ ನೋಡಿ ಮಾಡಿದ್ದು. ಒಂದು, ಎರಡು, ಮೂರನೆಯ ಕ್ಲಾಸಿನ ಮಕ್ಕಳು ಒಟ್ಟಿಗೇ ಇರುತ್ತಾರೆ. ಮಗು ತಾನು ಕಲಿಕೆಯ ಯಾವ ಮೆಟ್ಟಿಲಲ್ಲಿ ಇದ್ದೇನೆ ಎಂದು ನೋಡಿ, ತನ್ನ ಕಾರ್ಡು ತೆಗೆದುಕೊಂಡು, ಸೇರಬೇಕಾದ ಗುಂಪಿಗೆ ತಾನೇ ಹೋಗಿ ಕೂರುತ್ತದೆ. ಗುಂಪು ಐದು. ಒಂದರಲ್ಲಿ ಟೀಚರು ಪೂರ್ತಿ ಸಹಾಯ ಮಾಡುತ್ತಾರೆ, ಎರಡನೆಯದರಲ್ಲಿ ಸ್ವಲ್ಪ. ಮುಂದಿನ ಎರಡರಲ್ಲಿ ಮಕ್ಕಳೇ ಮಕ್ಕಳಿಗೆ ಸಹಾಯ. ಕೊನೆಯದರಲ್ಲಿ ಮಗು ತಾನೇ ಮಾಡುತ್ತದೆ. ಯಾರು ಎಲ್ಲಿಗೆ ಬಂದರು ಎಂಬುದಕ್ಕೆ ದಾಖಲೆ ಉಂಟು. ನಾನು ಆಶ್ಚರ್ಯದಿಂದ 'ಇಷ್ಟನ್ನೆಲ್ಲ ಒಬ್ಬರೇ ಹೇಗೆ ನೋಡ್ತೀರಿ ಚಿಕ್ಕಮ್ಮಾ?' ಎಂದೆ. 'ಗುಂಪು ಮಾಡಿ ಬಿಟ್ರೆ ಸಂತೆ ಆಗ್ತದೆ ಮಗಾ. ಬಾಯಿ ಒಂದು ಗುಂಪಿನ ಹತ್ರ ಇದ್ರೂ ಕಣ್ಣು ಐದೂ ಕಡೆ ಇರ್ಬೇಕು' ಎಂದರು. ಮಕ್ಕಳು ಹೆಚ್ಚಾದರೆ, ಬರೆಯುವ ಕಾಗದಪತ್ರ ಹೆಚ್ಚಾದರೆ ಕೆಲವು ದಿನ ಸಂತೆಯೇ ಆಗ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆದರೂ ನನಗೆ ಅನಿಸಿತು, ಆರು ವರ್ಷದ ಮಗುವಿಗೆ ಗುಂಪಿನಲ್ಲಿ ತನ್ನ ಜಾಗ ಯಾವುದು ಎಂದು ಗೊತ್ತು, ಹತ್ತೊಂಬತ್ತು ವರ್ಷದ ನನಗೆ ಗೊತ್ತಿರಲಿಲ್ಲ.

ಎರಡನೆಯದು ನಮ್ಮದೇ ಕಾಲೇಜಿನಲ್ಲಿ. ಎರಡನೆಯ ವರ್ಷ ಅಕೌಂಟ್ಸಿಗೆ ಒಬ್ಬ ಮೇಡಂ ಬಂದರು. ಹೊಸ ಪಾಲುದಾರನನ್ನು ಸೇರಿಸಿಕೊಳ್ಳುವ ಅಧ್ಯಾಯ. ಲೆಕ್ಕ ಕೊಟ್ಟು ಮಾಡಿಕೊಂಡು ಬನ್ನಿ ಎನ್ನಲಿಲ್ಲ. ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿದರು, ಯಾರು ಯಾರೊಂದಿಗೆ ಎಂಬುದನ್ನು ಅವರೇ ಚೀಟಿ ಎತ್ತಿ ಹೇಳಿದರು. ನಮ್ಮ ಬೆಂಚುಗಳನ್ನು ಸರಿಸಲು ಆಗುವುದಿಲ್ಲ. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ಅದೇ ಗುಂಪು. ನಾಲ್ವರಲ್ಲಿ ಒಬ್ಬನಿಗೆ ರಿವಾಲ್ಯುಯೇಷನ್ ಖಾತೆ, ಒಬ್ಬನಿಗೆ ಗುಡ್‌ವಿಲ್, ಒಬ್ಬನಿಗೆ ಬಂಡವಾಳದ ಖಾತೆಗಳು, ಇನ್ನೊಬ್ಬನಿಗೆ ಬ್ಯಾಲೆನ್ಸ್ ಶೀಟು. ಮೊದಲು ಎಲ್ಲ ಗುಂಪಿನ ಗುಡ್‌ವಿಲ್‌ನವರು ಅಲ್ಲಲ್ಲಿ ಕೂಡಿ ಕೂತು ತಮ್ಮ ಭಾಗವನ್ನು ಚೆನ್ನಾಗಿ ಕಲಿಯಬೇಕು, ಆಮೇಲೆ ತಮ್ಮ ಗುಂಪಿಗೆ ಹಿಂದಿರುಗಿ ಉಳಿದ ಮೂವರಿಗೆ ಕಲಿಸಬೇಕು. ನನಗೆ ಬಂದದ್ದು ಗುಡ್‌ವಿಲ್. ನಾನು ಬಾಯಿ ಬಿಡದಿದ್ದರೆ ನಮ್ಮ ಗುಂಪಿನ ಬ್ಯಾಲೆನ್ಸ್ ಶೀಟು ತಾಳೆಯಾಗುವ ಹಾಗೇ ಇಲ್ಲ!

ಮೇಡಂ ಕುರ್ಚಿಯಲ್ಲಿ ಕೂರಲಿಲ್ಲ. ಕೈಯಲ್ಲಿ ಸಣ್ಣ ನೋಟುಬುಕ್ಕು ಹಿಡಿದು ಬೆಂಚುಗಳ ನಡುವೆ ತಿರುಗಿದರು. ಯಾರಾದರೂ ಸಂಶಯ ಕೇಳಿದರೆ ಉತ್ತರ ಹೇಳುವ ಬದಲು 'ನಿನ್ನ ಗುಂಪಿನ ಮೂವರನ್ನೂ ಕೇಳಿದೆಯಾ?' ಅನ್ನುತ್ತಿದ್ದರು. ಎರಡನೆಯ ದಿನ ನನ್ನ ಪಕ್ಕ ನಿಂತು, 'ನಿನ್ನೆಯಿಂದ ನಿನ್ನ ದನಿ ನನಗೆ ಕೇಳಿಸಿಲ್ಲ' ಎಂದರು. ನಾನು ಇಂಗ್ಲಿಷ್ ಬರುವುದಿಲ್ಲ ಎಂದು ತಡವರಿಸಿದೆ. ಅದಕ್ಕೆ ಅವರು, 'ಬರೆಯುವುದು ಇಂಗ್ಲಿಷಿನಲ್ಲಿ. ಮಾತಾಡುವುದಕ್ಕೆ ಹಿಂದಿ, ಮರಾಠಿ, ನಿನ್ನ ಕನ್ನಡ, ಯಾವುದಾದರೂ ಆದೀತು. ಇವರಿಗೆ ಅರ್ಥವಾದರೆ ಸರಿ' ಎಂದರು. ಅಷ್ಟೇ ಮಾತು. ನಾನು ನಮ್ಮ ಬಂಬಯ್ಯಾ ಹಿಂದಿಯಲ್ಲಿ ಗುಡ್‌ವಿಲ್ ವಿವರಿಸಿದೆ. ಅಪ್ಪನ ಕ್ಯಾಂಟೀನಿನ ಉದಾಹರಣೆ ಕೊಟ್ಟೆ. ಅದೇ ಮೇಜು, ಅದೇ ತಟ್ಟೆ ಬೇರೆಯವರು ಕೊಂಡರೂ ಗಿರಾಕಿ ಬರುವುದು ಹಳೆಯ ಹೆಸರಿಗೆ, ಆ ಹೆಸರಿನ ಬೆಲೆಯೇ ಗುಡ್‌ವಿಲ್, ಹೊಸದಾಗಿ ಸೇರುವವನು ಅದರ ಪಾಲನ್ನು ಹಳಬರಿಗೆ ಕೊಡಬೇಕು ಎಂದೆ. ಗುಂಪಿನ ಒಬ್ಬಳು ನೋಟ್ಸಿನಲ್ಲಿ ನನ್ನ ಉದಾಹರಣೆ ಬರೆದುಕೊಂಡಳು. ಕಾಲೇಜಿನಲ್ಲಿ ನನ್ನ ಮಾತನ್ನು ಇನ್ನೊಬ್ಬರು ಬರೆದುಕೊಂಡದ್ದು ಅದೇ ಮೊದಲು.

ಮೂರನೆಯ ದಿನ ಮೇಡಂ ಚೀಟಿ ಎತ್ತಿ ಗುಂಪಿನಿಂದ ಯಾರನ್ನಾದರೂ ಒಬ್ಬರನ್ನು ಬೋರ್ಡಿಗೆ ಕರೆದರು. ಗುಡ್‌ವಿಲ್‌ನವನಿಗೆ ಬ್ಯಾಲೆನ್ಸ್ ಶೀಟಿನ ಪ್ರಶ್ನೆ, ಬ್ಯಾಲೆನ್ಸ್ ಶೀಟಿನವಳಿಗೆ ಗುಡ್‌ವಿಲ್! ಅರ್ಧ ಅಂಕ ಗುಂಪಿಗೆ, ಅರ್ಧ ಅವರವರ ಉತ್ತರಕ್ಕೆ.

ಈ ಉಪಾಯ ಮೇಡಮ್ಮನ ಸ್ವಂತದ್ದಲ್ಲ ಎಂದು ಆಮೇಲೆ ತಿಳಿಯಿತು. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಲ್ಲಿ ಬಿಳಿಯರ, ಕರಿಯರ, ಮೆಕ್ಸಿಕನ್ ಮೂಲದವರ ಮಕ್ಕಳನ್ನು ಒಟ್ಟಿಗೆ ಕೂರಿಸಿದಾಗ ಜಗಳ ಹೆಚ್ಚಿತು. ಆಗ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನು ತುಂಡು ಮಾಡಿ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಇಂಗ್ಲಿಷ್ ತಡವರಿಸುವ ಹುಡುಗನನ್ನು ಗೇಲಿ ಮಾಡುತ್ತಿದ್ದವರಿಗೆ ಈಗ ಅವನ ತುಂಡು ಬೇಕಾಯಿತು. ಗೇಲಿ ಬಿಟ್ಟು ಅವನಿಂದ ಮಾತು ಹೊರಡಿಸುವುದು ಹೇಗೆ ಎಂದು ಅವರು ಕಲಿತರಂತೆ. ಇದನ್ನು ಓದಿದಾಗ ಆ ಹುಡುಗ ನಮ್ಮ ಚಾಳಿನವನೇ ಅನಿಸಿತು.

* * *

ಈಗ ಒಂದು ತಪ್ಪೊಪ್ಪಿಗೆ. ಮೇಡಂ ಹೀಗೆಲ್ಲ ಕಲಿಸಿದ ಅದೇ ವರ್ಷ, ಬ್ಯಾಂಕಿಂಗಿನ ಪ್ರಾಜೆಕ್ಟಿಗೆ ಆರು ಮಂದಿಯ ಗುಂಪಿಗೆ ನಾನೇ ನಾಯಕನಾದೆ. ಅಲ್ಲಿ ಹಳೆಯ ಪದ್ಧತಿಯೇ. ಹೆಸರು ಓದುವುದು, ತಾರೀಕು ಹೇಳುವುದು, ಹೋಗುವುದು. ನಮ್ಮಲ್ಲಿ ಒಬ್ಬ ಹಿಂದಿ ಮಾಧ್ಯಮದ ಹುಡುಗ ಇದ್ದ, ಮಾತು ಕಡಿಮೆ. ನಾನು ಅವನಿಗೆ ಏನು ಕೆಲಸ ಕೊಟ್ಟೆ ಗೊತ್ತೇ? ಝೆರಾಕ್ಸು, ಬೈಂಡಿಂಗು! ಜುಲೈ ಮಳೆಯಲ್ಲಿ ಅವನು ಫೈಲನ್ನು ಅಂಗಿಯ ಒಳಗೆ ಇಟ್ಟುಕೊಂಡು, ತಾನು ಪೂರ್ತಿ ನೆನೆದು ಬಂದು ಅದನ್ನು ನನ್ನ ಕೈಗೆ ಕೊಟ್ಟಾಗ ನನಗೆ ನಾಚಿಕೆಯಾಯಿತು. ಅಷ್ಟು ಹೊತ್ತಿಗೆ ಪ್ರಾಜೆಕ್ಟ್ ಮುಗಿದಿತ್ತು.

ಇದರಿಂದ ನಾನು ತಿಳಿದದ್ದು, ಒಳ್ಳೆಯ ಮನಸ್ಸೊಂದೇ ಸಾಲದು. ನಾಯಕನಿಗೆ ಅವಸರ ಇರುತ್ತದೆ, ಬಲ್ಲವರಿಂದ ಬೇಗ ಕೆಲಸ ಮಾಡಿಸಿ ಮುಗಿಸುವುದೇ ಅವನ ಲೆಕ್ಕ. ವ್ಯವಸ್ಥೆಯನ್ನು ಮೇಲಿನವರೇ ಮಾಡಬೇಕು, ನಡುವೆ ನಡುವೆ ಬಂದು ನೋಡಬೇಕು. ನಮ್ಮ ಪ್ರಾಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟು. ಗುಂಪು ನಾಲ್ಕು, ಹೆಚ್ಚೆಂದರೆ ಐದು ಮಂದಿಯದ್ದಾಗಿರಲಿ. ಗೆಳೆಯರು ಗೆಳೆಯರೇ ಸೇರಿಕೊಳ್ಳದ ಹಾಗೆ ನೀವೇ ಆರಿಸಿ. ಯಾರ ಪಾಲಿಗೆ ಯಾವ ಕೆಲಸ ಎಂದು ಮೊದಲ ದಿನವೇ ಒಂದು ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿ. ಒಬ್ಬನ ಪಾಲು ಇಲ್ಲದೆ ಇನ್ನೊಬ್ಬನ ಪಾಲು ಮುಗಿಯದಂತೆ ಹಂಚಿ. ಬೈಂಡಿಂಗನ್ನು ಒಂದು ಪಾಲು ಎಂದು ಎಣಿಸಬೇಡಿ! ನಾಯಕ ಪ್ರತಿ ಸಲ ಬದಲಾಗಲಿ. ತಾರೀಕು ಒಂದೇ ಬೇಡ, ನಡುವೆ ಎರಡು ಸಲ ನೋಡಿ. ಕೊನೆಗೆ ಯಾರನ್ನು ಬೇಕಾದರೂ ಯಾವ ಭಾಗದ ಮೇಲೆ ಬೇಕಾದರೂ ಕೇಳಿ.

'120 ಮಂದಿಯ ಕ್ಲಾಸಿನಲ್ಲಿ ಇದೆಲ್ಲ ಆಗುವ ಮಾತಲ್ಲ' ಎನ್ನುತ್ತಾರೆ. ಲೆಕ್ಕ ಹಾಕೋಣ. ನಾಲ್ಕರಂತೆ 30 ಗುಂಪು. ನಮ್ಮ ಪೀರಿಯಡ್ 48 ನಿಮಿಷ. ಒಂದು ಗುಂಪಿನ ಹತ್ತಿರ 4 ನಿಮಿಷ ನಿಂತರೆ 40 ನಿಮಿಷಕ್ಕೆ 10 ಗುಂಪು. ಮೂರು ಪೀರಿಯಡ್ಡಿಗೆ ಎಲ್ಲರನ್ನೂ ಒಮ್ಮೆ ನೋಡಿದ ಹಾಗಾಯಿತು. ಒಂದು ತಿಂಗಳಲ್ಲಿ ಮೂರು ಪೀರಿಯಡ್ ಹೆಚ್ಚೇ?

'ಆಫೀಸಿನಲ್ಲಿ ಯಾರು ಹೀಗೆ ಕೈಹಿಡಿದು ನಡೆಸ್ತಾರೆ?' ಎನ್ನುವವರೂ ಇದ್ದಾರೆ. ಅವರು ಆಡಿಟಿಂಗ್ ಪುಸ್ತಕ ತೆರೆದು ನೋಡಲಿ. ಒಬ್ಬ ಗುಮಾಸ್ತನ ಕೆಲಸವನ್ನು ಇನ್ನೊಬ್ಬನ ಕೆಲಸ ತಾನಾಗಿ ಪರೀಕ್ಷಿಸುವಂತೆ ಹಂಚುವುದಕ್ಕೇ ಇಂಟರ್ನಲ್ ಚೆಕ್ ಎನ್ನುತ್ತಾರೆ. ಗಲ್ಲಾದಲ್ಲಿ ಕೂತವನೇ ಲೆಡ್ಜರನ್ನೂ ಬರೆಯಬಾರದು ಎನ್ನುವುದು ಅದಕ್ಕಾಗಿಯೇ. ಯಾರ ಮೇಲೂ ಸಂಶಯದಿಂದ ಮಾಡಿದ ಏರ್ಪಾಡಲ್ಲ ಅದು.

ಇನ್ನು ಜಾಣರ ದೂರು. 'ನಾವು ದುಡಿಯುವುದು, ಅವರು ಅಂಕ ತಿನ್ನುವುದು.' ಈ ದೂರು ನ್ಯಾಯವಾದದ್ದೇ. ರಾತ್ರಿಯಿಡೀ ಟೈಪ್ ಮಾಡಿದ ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ನಾನು ಹೇಳುವ ಏರ್ಪಾಡಿನಿಂದ ಅವಳಿಗೂ ಒಂದು ರಾತ್ರಿ ನಿದ್ದೆ ಸಿಗುತ್ತಿತ್ತು.

ಒಂದು ಎಚ್ಚರಿಕೆಯೂ ಬೇಕು. ನೋಡುವುದು ಎಂದರೆ ಪೊಲೀಸುಗಿರಿ ಆಗಬಾರದು. ನಾಯಕನ ಕೈಯಲ್ಲಿ 'ಯಾರು ಕೆಲಸ ಮಾಡಲಿಲ್ಲ ಬರೆದು ಕೊಡು' ಎಂದು ಚೀಟಿ ಕೊಟ್ಟರೆ ಗುಂಪು ಮುರಿಯುತ್ತದೆ, ಚಾಡಿ ಬೆಳೆಯುತ್ತದೆ. ಮೇಡಂ ನನ್ನ ಮೌನವನ್ನು ಬರೆದುಕೊಂಡದ್ದು ಅಂಕ ಕಳೆಯುವುದಕ್ಕಲ್ಲ, ಮರುದಿನ ಬಂದು ಮಾತಾಡಿಸುವುದಕ್ಕೆ.

ಕೊನೆಗೆ ಮಿತ್ರರೇ, ನಮ್ಮ ಮನೆಯ ಮಾತು. ನಮ್ಮ ಸಂಘದಲ್ಲಿ ಹೆಸರಿಗೆ ಎಷ್ಟೋ ಮಂದಿ ಇದ್ದೇವೆ. ಈ ಪತ್ರಿಕೆಯ ಪುಟ ಎಣಿಸುವವರು, ಪಿನ್ನು ಹೊಡೆಯುವವರು, ಲೇಖನಕ್ಕಾಗಿ ಬಾಗಿಲು ಬಾಗಿಲು ಅಲೆಯುವವರು ಮೂರೇ ಮಂದಿ. ಹಾವು ಇಲ್ಲಿಯೂ ಸತ್ತಿಲ್ಲ! ಮುಂದಿನ ಸಂಚಿಕೆಯ ಸಭೆಯಲ್ಲಿ ಒಂದು ಹಾಳೆ ತೆಗೆದುಕೊಂಡು ಯಾರ ಪಾಲಿಗೆ ಏನು ಎಂದು ಬರೆಯೋಣ. ಮೂಲೆಯಲ್ಲಿ ಸುಮ್ಮನೆ ಕೂತು ಹೋಗುವ ಮೊದಲ ವರ್ಷದವರಿಗೆ ಪಿನ್ನು ಹೊಡೆಯುವ ಕೆಲಸ ಬೇಡ, ಒಂದು ಪುಟ ಕೊಡೋಣ.

ಪಿನ್ನು ನಾನು ಹೊಡೆಯುತ್ತೇನೆ. ಹಾಳೆಯಲ್ಲಿ ಮೊದಲು ನನ್ನ ಹೆಸರು ಬರೆದುಕೊಳ್ಳಿ.